ಫುಟ್‌ಬಾಲ್ ಶನಿವಾರಗಳ ಬಗ್ಗೆ, ಆಸ್ಟಿನ್ ಗುಂಪಿನವರು ನೋಡಿ

ಎಲ್ರಿಗೂ ನಮಸ್ಕಾರ, ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡೋ ಮುಂಚೆ ಯೂನಿವರ್ಸಿಟಿ ಆಫ್ ಟೆಕ್ಸಸ್‌ನ ಅಮೆರಿಕನ್ ಫುಟ್‌ಬಾಲ್ ಟೀಮಿನ ಹೋಮ್ ಗೇಮ್ (ಇಲ್ಲೇ ಆಸ್ಟಿನ್‌ನಲ್ಲಿ ಆಡೋ ಆಟ) ಯಾವತ್ತು ಅಂತ ಒಂದ್ಸಲ ನೋಡ್ಕೊಳ್ಳಿ, ಅವತ್ತು ಕ್ಯಾಂಪಸ್ ಕಡೆ ಪಾರ್ಕಿಂಗ್ ಸಿಗೋ ಮಾತೇ ಇಲ್ಲ. 2024ರಲ್ಲಿ ಟೆಕ್ಸಸ್, ಓಕ್ಲಹೋಮ ಯೂನಿವರ್ಸಿಟಿ ಎರಡೂ ಬಿಗ್ 12 ಅನ್ನೋ ಕಾನ್ಫರೆನ್ಸ್ (ಕಾಲೇಜು ಟೀಮುಗಳ ಲೀಗ್) ಬಿಟ್ಟು ಎಸ್‌ಇಸಿ ಅನ್ನೋ ಇನ್ನೊಂದಕ್ಕೆ ಹೋದ್ವಲ್ಲ, ಈಗ 2026ರಿಂದ ಎಸ್‌ಇಸಿನಲ್ಲಿ ಎಂಟರ ಬದಲು ಒಂಬತ್ತು ಕಾನ್ಫರೆನ್ಸ್ ಗೇಮು, ಮೂರು ಟೀಮ್ ಪ್ರತಿ ವರ್ಷ ಫಿಕ್ಸು (ನಮಗೆ ಓಕ್ಲಹೋಮ, ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿ, ಆರ್ಕನ್ಸಾ), ಮಿಕ್ಕ ಆರು ಬದಲಾಗ್ತಾ ಇರುತ್ತೆ. ಅಂದ್ರೆ ಸುಲಭದ ಗೇಮು ಕಮ್ಮಿ, ರಶ್ ಜಾಸ್ತಿ. ಎ ಅಂಡ್ ಎಂ ಜೊತೆ ಆಟ 2011ರ ಮೇಲೆ ನಿಂತೇ ಹೋಗಿತ್ತು, ಅದು ವಾಪಸ್ ಬಂದಿದ್ದಂತೂ ಖುಷಿ.



ಇನ್ನೊಂದು, ಕಾಲೇಜು ಫುಟ್‌ಬಾಲ್ ಚಾಂಪಿಯನ್ ಯಾರು ಅಂತ ತೀರ್ಮಾನಿಸೋ ಪ್ಲೇಆಫ್ ನಾಲ್ಕರಿಂದ ಹನ್ನೆರಡು ಟೀಮ್ ಆದ್ಮೇಲೆ ಡಿಸೆಂಬರೂ ಸೇಫ್ ಅಲ್ಲ, ಮೊದಲ ರೌಂಡ್ ಕ್ಯಾಂಪಸ್‌ನಲ್ಲೇ ಆಡ್ತಾರೆ, 2024 ಡಿಸೆಂಬರ್ 21ಕ್ಕೆ ಕ್ಲೆಮ್ಸನ್ ಯೂನಿವರ್ಸಿಟಿ ಟೀಮ್ ಇಲ್ಲಿಗೇ ಆಡೋಕೆ ಬಂದಿತ್ತು. ಪ್ಲೇಆಫ್ ಆಡೋ ಟೀಮುಗಳ ಲಿಸ್ಟ್ ಬರೋದು ಡಿಸೆಂಬರ್ ಮೊದಲ ವಾರದ ಹೊತ್ತಿಗೆ, ಅದಕ್ಕೇ ಆ ತಿಂಗಳ ಮೂರನೇ ಶನಿವಾರ ಪಾಟ್‌ಲಕ್ ಇಡೋದು ಬೇಡ, ಭಾನುವಾರ ಆಗುತ್ತಾ ಹೇಳಿ.