ಇನ್ನು ಮೂರೇ ವಾರ ಎಂದು ಬರೆದಿದ್ದೀಯ

ತುಮಕೂರು
ಮಹಾಲಯ ಅಮಾವಾಸ್ಯೆಗೆ ಇನ್ನೊಂದು ವಾರ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರವನ್ನು ಮೊಮ್ಮಗ ಮುದ್ರಿಸಿ ಕೊಟ್ಟ. ನಾಲ್ಕು ಸಲ ಓದಿದೆ. ಕೆಲಸ, ಮಗುವಿನ ಶಾಲೆ, ಹೊಸ ಕಾರು ಎಲ್ಲವನ್ನೂ ನಿನ್ನ ಅಮ್ಮನ ಬಾಯಿಂದ ಆಗಲೇ ಕೇಳಿಯಾಗಿತ್ತು. ಇಲ್ಲಿಯ ಸುದ್ದಿಯೂ ಅವಳಿಂದಲೇ ನಿನಗೆ ತಲುಪಿರುತ್ತದೆ, ಅದನ್ನು ಬರೆಯುವುದಿಲ್ಲ. ಕೊನೆಗೆ ನೀನು ಹೇಳಿಯೂ ಹೇಳದ ಹಾಗೆ ಬರೆದ ಎರಡು ಸಾಲು ಮಾತ್ರ ನನ್ನನ್ನು ಬಿಡಲಿಲ್ಲ. ‘ಹೋಸ್ಟಾ ತೋಟ ಈ ವರ್ಷದಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ ದೊಡ್ಡಮ್ಮ. ಆದರೆ ಇನ್ನು ಮೂರೇ ವಾರ, ಚಳಿ ಬಿದ್ದು ಎಲ್ಲ ಕರಗಿಹೋಗುತ್ತದೆ ಎನ್ನಿಸಿ ಹಿತ್ತಲಿನ ಕಡೆಯ ಪರದೆ ಎಳೆದುಬಿಟ್ಟಿದ್ದೇನೆ.’

ಅದನ್ನು ಓದಿದ ಮಧ್ಯಾಹ್ನ ನನಗೆ ನಿದ್ದೆ ಬರಲಿಲ್ಲ.

ಎಲೆಯ ಚೆಂದಕ್ಕೇ ಬೆಳೆಸುವ ಆ ಹೋಸ್ಟಾ ಗಿಡಗಳನ್ನು ಜುಲೈನಲ್ಲಿ ನೀನು ಫೋನಿನಲ್ಲಿ ತೋರಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಮೆರಿಕದ ಮಿಶಿಗನ್‌ನ ನಿನ್ನ ಹಿತ್ತಲಿನಲ್ಲಿ, ಮೇಪಲ್ ಮರದ ಕೆಳಗೆ, ಬಿಸಿಲು ಇಣುಕಿ ಹೋಗುವ ಜಾಗದಲ್ಲಿ, ಕೆಸುವಿನ ಎಲೆಯಷ್ಟು ಅಗಲದವು, ಅಂಗೈಯಷ್ಟರವು, ಬಿಳಿ ಅಂಚಿನವು. ಒಂದು ಗಿಡವಂತೂ ವಿಭೂತಿ ಬಳಿದುಕೊಂಡಂತೆ ನೀಲಿ. ಬೆರಳಿನಿಂದ ಉಜ್ಜಿದರೆ ಹಸಿರಾಗುತ್ತದೆ ಎಂದು ಉಜ್ಜಿಯೇ ತೋರಿಸಿದ್ದೆ. ಅದು ಎಲೆಯ ಮೇಲಿನ ಮೇಣವಂತೆ, ದ್ರಾಕ್ಷಿ ಹಣ್ಣಿನ ಮೇಲೆ ಇರುತ್ತದಲ್ಲ, ಹಾಗೆ. ಬಿಸಿಲು ಮಳೆಗೆ ಸವೆದು ಸವೆದು ಬೇಸಿಗೆ ಮುಗಿಯುವ ಹೊತ್ತಿಗೆ ನೀಲಿ ಗಿಡವೂ ಹಸಿರಾಗಿರುತ್ತದಂತೆ. ಹಾಗಾದರೆ ಅದು ಜುಲೈನಲ್ಲಿಯೇ ಕಳೆದುಹೋಗತೊಡಗಿತ್ತಲ್ಲ ಪುಟ್ಟಿ? ಆಗ ನೀನು ಪರದೆ ಎಳೆಯಲಿಲ್ಲ.

ನಿನ್ನ ಗಿಡದ ವಿಷಯ ನನಗೆ ಏನೂ ಗೊತ್ತಿಲ್ಲದೆ ಬುದ್ಧಿ ಹೇಳುವುದು ಬೇಡ ಎಂದು ಮೊಮ್ಮಗನನ್ನು ಕೂರಿಸಿಕೊಂಡು ಓದಿಸಿದೆ. ಹುಟ್ಟೂರು ಜಪಾನ್, ಕೊರಿಯಾ, ಚೀನಾ. ಹೆಸರು ಮಾತ್ರ ಆಸ್ಟ್ರಿಯಾದ ಹೋಸ್ಟ್ ಎಂಬ ಸಸ್ಯಶಾಸ್ತ್ರಜ್ಞನದು. ಜಪಾನಿನವರು ಅದರ ಎಳೆಯ ಚಿಗುರನ್ನು ತರಕಾರಿಯಂತೆ ಬೇಯಿಸಿ ತಿನ್ನುತ್ತಾರಂತೆ. ನನಗೆ ಖುಷಿಯಾದದ್ದು ಅದರ ನೆಂಟರ ಪಟ್ಟಿ ನೋಡಿ. ನಮ್ಮ ಕತ್ತಾಳೆ, ನಮ್ಮ ಸುಗಂಧರಾಜ, ಎರಡೂ ಅದಕ್ಕೆ ಹತ್ತಿರದ ದಾಯಾದಿಗಳು. ಶತಾವರಿ ಸ್ವಲ್ಪ ದೂರದ ಸಂಬಂಧ. ಹೊಲದ ಬೇಲಿಯ ಕತ್ತಾಳೆ ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತು ಒಂದೇ ಸಲ ಹೂ ಬಿಟ್ಟು ಸಾಯುತ್ತದೆ. ನಿನ್ನದು ನೆರಳಿನಲ್ಲಿ ಕುಳಿತು ವರ್ಷವರ್ಷವೂ ಸತ್ತ ಹಾಗೆ ನಟಿಸುತ್ತದೆ. ಒಂದೇ ಮನೆತನದಲ್ಲಿ ಎಂತೆಂಥವರಿರುತ್ತಾರೆ ನೋಡು.

ನಮ್ಮ ಹಲಸಿನ ಮರದ ಬುಡಕ್ಕೆ ಒಂದನ್ನು ತರಿಸಿಕೊಳ್ಳೋಣ ಎಂಬ ಆಸೆಯೂ ಹುಟ್ಟಿತ್ತು. ಆಗುವುದಿಲ್ಲವಂತೆ. ಚಳಿಗಾಲದಲ್ಲಿ ಕೆಲವು ವಾರವಾದರೂ 5 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಮಲಗದಿದ್ದರೆ ಅದು ಮತ್ತೆ ನೆಟ್ಟಗೆ ಚಿಗುರುವುದಿಲ್ಲ. ತುಮಕೂರಿನಲ್ಲಿ ಜನವರಿಯ ರಾತ್ರಿ 15 ಡಿಗ್ರಿಗೆ ಇಳಿದರೆ ನಾವು ಮಫ್ಲರ್ ಹುಡುಕುತ್ತೇವೆ.

ನೀನು ಹೆದರುವ ಚಳಿಯೇ ಅದಕ್ಕೆ ಬೇಕಾದದ್ದು, ಬುಡ ಮಣ್ಣಿನೊಳಗೆ ಭದ್ರವಾಗಿರುತ್ತದೆ, ವಸಂತಕ್ಕೆ ಮತ್ತೆ ಬರುತ್ತದೆ ಎಂದೆಲ್ಲ ಒಂದು ಪುಟ ಬರೆದೆ. ಆಮೇಲೆ ಆ ಪುಟ ಹರಿದೆ. ಆರು ಚಳಿಗಾಲ ಕಂಡ ನಿನಗೆ ಅದು ಗೊತ್ತಿಲ್ಲವೇ? ಗೊತ್ತಿದ್ದೂ ಪರದೆ ಎಳೆದಿದ್ದೀಯ. ಹಾಗಾಗಿ ‘ಮತ್ತೆ ಬರುತ್ತದೆ ಬಿಡು’ ಎನ್ನುವ ಸಮಾಧಾನ ನಿನಗೆ ನಾಟುವುದಿಲ್ಲ. ನನಗೂ ನಾಟುತ್ತಿರಲಿಲ್ಲ.

ಗುಬ್ಬಿ ಕಡೆಯ ನಮ್ಮ ತೋಟ ನಿನಗೆ ಬಯಲಾಗಿಯೇ ಗೊತ್ತು. ಕೆರೆಯ ಕೆಳಗಿನ ಎರಡು ಎಕರೆ ಅಡಿಕೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಹೊರಗೆ ಬಂಡೆ ಕಾದು ನಿಂತಿರುವಾಗ, ಬೇಲಿ ದಾಟಿ ಒಳಗೆ ಕಾಲಿಟ್ಟರೆ ಕತ್ತಿನ ಬೆವರು ತಣ್ಣಗಾಗುತ್ತಿತ್ತು. ಮರಮರಕ್ಕೂ ವೀಳ್ಯದೆಲೆ ಬಳ್ಳಿ, ನಡುನಡುವೆ ಬಾಳೆ, ಕಾಲುವೆಯ ಬದಿಗೆ ಕೆಸು. ವರ್ಷಕ್ಕೊಮ್ಮೆ ಬಳ್ಳಿ ಇಳಿಸುತ್ತಿದ್ದರು. ಮೇಲೇರಿದ ಬಳ್ಳಿಯನ್ನು ಮರದಿಂದ ಬಿಡಿಸಿ, ಸುರುಳಿ ಸುತ್ತಿ, ಬುಡದಲ್ಲಿ ಹೂತು, ತುದಿಯನ್ನಷ್ಟೇ ಮತ್ತೆ ಮರಕ್ಕೆ ಕಟ್ಟುವುದು. ಹೊಸ ಸೊಸೆಯಾಗಿ ಬಂದ ವರ್ಷ ಅದನ್ನು ಕಂಡು, ಇಷ್ಟು ಚೆಂದದ ತೋಟ ಹಾಳು ಮಾಡುತ್ತಿದ್ದಾರಲ್ಲ ಎಂದು ನನಗೆ ಅಳು ಬಂದಿತ್ತು. ಅತ್ತೆಯವರು ಇಡೀ ಊರಿಗೆ ಹೇಳಿಕೊಂಡು ನಕ್ಕರು.

2001ರಿಂದ ಮೂರು ವರ್ಷ ಸಾಲು ಬರ. ಕೆರೆ ಒಣಗಿತು, ಕೊಳವೆಬಾವಿಯೂ ಗಾಳಿ ಕಕ್ಕಿತು. ನಾನಾಗ ತುಮಕೂರಿನಲ್ಲಿ ಮೇಷ್ಟರ ಕೆಲಸದಲ್ಲಿದ್ದೆ, ಪ್ರತಿ ಭಾನುವಾರ ಬಸ್ ಹತ್ತಿ ತೋಟಕ್ಕೆ ಹೋಗುತ್ತಿದ್ದೆ. ಕೆರೆಯ ಕಡೆಯ ಸಾಲಿನಲ್ಲಿ ನಾಲ್ಕು ಮರದ ಗರಿ ಜೋತದ್ದನ್ನು ಕಂಡ ದಿನವೇ ಹೋಗುವುದನ್ನು ಬಿಟ್ಟೆ. ಹೇಗೂ ಹೋಗುವ ತೋಟ, ಈಗಿನಿಂದಲೇ ಮರೆತರೆ ಆಮೇಲೆ ಸಂಕಟ ಕಡಿಮೆ ಎಂದು ಲೆಕ್ಕ ಹಾಕಿದೆ. ಉತ್ತರಪತ್ರಿಕೆ ತಿದ್ದಬೇಕು ಎಂದು ಸುಳ್ಳು ಹೇಳಿದೆ. ಅತ್ತೆಯವರು ಮಾತ್ರ ದಿನವೂ ಚಾಪೆ ತೆಗೆದುಕೊಂಡು ಹೋಗುತ್ತಿದ್ದರಂತೆ. ಒಂದು ಸಾಲು ಒಣಗಿದರೆ ಚಾಪೆಯನ್ನು ಮುಂದಿನ ಸಾಲಿಗೆ ಎಳೆದುಕೊಳ್ಳುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ತೋಟದ ಆಳು, ಅವರ ವೈಕುಂಠ ಸಮಾರಾಧನೆಯ ದಿನ, ಎಲೆ ಎತ್ತುತ್ತಾ. ಇನ್ನೂ ಎರಡು ವರ್ಷ ಅಲ್ಲಿ ಕೂರುವಷ್ಟು ನೆರಳಿತ್ತಂತೆ. ಅವರು ‘ಈ ಭಾನುವಾರ ಬರುತ್ತಾಳೆ’ ಎಂದು ಚಾಪೆಯ ಒಂದು ಬದಿಗೆ ಸರಿದು ಕೂರುತ್ತಿದ್ದರು ಎಂದೂ ಹೇಳಿದ.

ಆ ತೋಟ ಮತ್ತೆ ಬರಲಿಲ್ಲ. ಆಮೇಲಿನ ಸಂಕಟವೂ ನನ್ನ ಲೆಕ್ಕದ ಪ್ರಕಾರ ಕಡಿಮೆಯಾಗಲಿಲ್ಲ. ಅದಕ್ಕೆ ನಾನು ಹೋಗದೆ ಕಳೆದ ಆ ಎರಡು ವರ್ಷ ಬೇರೆ ಸೇರಿಕೊಂಡಿತು. ಪಿತೃಪಕ್ಷದಲ್ಲಿ ಅತ್ತೆಯವರಿಗೆ ಎಡೆ ಇಡುವಾಗಲೆಲ್ಲ ನನಗೆ ಕಾಣುವುದು ಆ ಚಾಪೆಯ ಖಾಲಿ ಬದಿ. ಇದನ್ನು ನಿನ್ನ ದೊಡ್ಡಪ್ಪನಿಗೂ ಹೇಳಿಲ್ಲ.

ನಿನ್ನ ಮೂರು ವಾರ ಈ ಪತ್ರ ಮುಟ್ಟುವ ಹೊತ್ತಿಗೆ ಎರಡಾಗಿರಬಹುದು. ಮಿಶಿಗನ್‌ನ ಚಳಿ ನನಗಾಗಿ ಕಾಯುವುದಿಲ್ಲ, ಆದ್ದರಿಂದ ಮೊಮ್ಮಗನಿಗೆ ಇದರ ಫೋಟೊ ತೆಗೆದು ಇವತ್ತೇ ಕಳಿಸಲು ಹೇಳುತ್ತೇನೆ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಎಲೆ ಹಳದಿಯಾಯಿತೆಂದು ಈಗಲೇ ಕತ್ತರಿಸಬೇಡ. ಹಸಿರು ಇರುವಷ್ಟು ದಿನವೂ ಅವು ಬುಡಕ್ಕೆ ಊಟ ಕಳಿಸುತ್ತಿರುತ್ತವೆ. ನೀನು ಕತ್ತರಿಸುವವಳಲ್ಲ, ಗೊತ್ತು. ಆದರೂ ಕಣ್ಣೆದುರು ಇರುವುದು ಬೇಡ ಎನ್ನಿಸಿದಾಗ ಕೈ ಏನು ಮಾಡುತ್ತದೋ. ಇಬ್ಬನಿ ಹೆಪ್ಪುಗಟ್ಟಿ ಎಲ್ಲ ಮೆತ್ತಗಾಗಿ ಮಲಗಿದ ಮೇಲೆ ಬಾಚಿ ತೆಗೆ, ಇಲ್ಲದಿದ್ದರೆ ಅದರಡಿ ಚಿಪ್ಪಿಲ್ಲದ ಬಸವನಹುಳು ಮೊಟ್ಟೆ ಇಡುತ್ತದಂತೆ. ಮಳೆ ಕೈಕೊಟ್ಟರೆ ನೀರು ಹಾಕು, ಮೇಪಲ್ ಬೇರು ಎಲ್ಲವನ್ನೂ ತಾನೇ ಕುಡಿಯುತ್ತದೆ. ಜಿಂಕೆ ತಿಂದು ಬರೀ ದಂಟು ಉಳಿಸಿದರೆ ಏನು ಮಾಡಬೇಕೋ ನನಗೆ ತಿಳಿಯದು. ನಮ್ಮ ಮಂಗಗಳಿಗೇ ನನ್ನಲ್ಲಿ ಉಪಾಯವಿಲ್ಲ.

ಪರದೆ ತೆಗೆ ಎಂದು ಹೇಳಲು ನನಗೆ ಯಾವ ಅಧಿಕಾರವಿದೆ, ನಾನೇ ಬಸ್ ಹತ್ತದವಳು. ಆದರೂ ಹೇಳುತ್ತಿದ್ದೇನೆ. ಬೆಳಿಗ್ಗೆ ಕಾಫಿ ಕುಡಿಯುವಷ್ಟು ಹೊತ್ತು, ಅಡುಗೆಮನೆಯ ಸ್ಟೂಲನ್ನೇ ಹೊರಗೆ ಹಾಕಿಕೊಂಡು ಕೂತರೆ ಸಾಕು. ಫೋಟೊ ತೆಗೆಯಬೇಡ, ಎಣಿಸಬೇಡ. ಆ ದೊಡ್ಡ ಬಿಳಿ ಹೂವಿನದು, ಸಂಜೆ ಘಮ ಬರುತ್ತದೆ ಎಂದಿದ್ದೆಯಲ್ಲ, ಅದರಲ್ಲಿ ಇನ್ನೂ ಒಂದೆರಡು ಹೂ ಉಳಿದಿದ್ದರೂ ಉಳಿದಿರಬಹುದು. ಪರದೆಯ ಹಿಂದಿನಿಂದ ಅದು ಹೇಗೆ ಗೊತ್ತಾಗಬೇಕು?

ಎಲೆಗಳೆಲ್ಲ ನೆಲಕ್ಕೆ ಬಿದ್ದ ಬೆಳಿಗ್ಗೆ ನನಗೆ ಫೋನ್ ಮಾಡು. ನಿನಗೆ ಎಂಟು ಗಂಟೆ ಎಂದರೆ ಇಲ್ಲಿ ಸಂಜೆ ಐದೂವರೆ, ನಾನು ಜಗಲಿಯಲ್ಲಿಯೇ ಇರುತ್ತೇನೆ. ನಿನ್ನ ಮುಖ ತೋರಿಸುವ ಮುಂಚೆ ಒಂದು ನಿಮಿಷ ಫೋನನ್ನು ನೆಲದ ಕಡೆ ತಿರುಗಿಸು. ಅದನ್ನೂ ನೋಡೋಣ, ಇಬ್ಬರೂ ಸೇರಿ.

ನಿನ್ನ
ದೊಡ್ಡಮ್ಮ