ಗೆಳೆಯನಿಗೊಂದು ಪತ್ರ: ಧರೆಗೆ ಸಿಮೆಂಟು ಹಾಕಿಸುವ ಮೊದಲು

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ "ಇಟಲಿ ಹೇಗಿತ್ತೋ" ಅಂತ ನೀನು ಕೇಳಿದೆ. "ಚೆನ್ನಾಗಿತ್ತು ಕಣೋ" ಅಂತ ನಾನಂದೆ, ಅಷ್ಟೇ. ಆಮೇಲೆ ಮಾತು ನಿಮ್ಮ ತೋಟದ ಮೇಲಿನ ಧರೆಗೆ, ಅಂದರೆ ಗುಡ್ಡ ಕಡಿದಲ್ಲಿ ನಿಂತಿರುವ ಆ ನೆಟ್ಟನೆಯ ಮಣ್ಣಿನ ಅಂಚಿಗೆ, ಹೊರಳಿತು. ಈ ಮಳೆಗಾಲದಲ್ಲಿ ಮತ್ತೆ ಎರಡು ಕಡೆ ಜರಿದಿದೆ, ಅಜ್ಜ ಕಟ್ಟಿಸಿದ ಕಲ್ಲು ಕಿತ್ತು ಹಾಕಿ ಸಿಮೆಂಟು ಗೋಡೆ ಎಬ್ಬಿಸ್ತೇನೆ ಅಂತ ನೀನಂದೆ. ಫೋನ್ ಇಟ್ಟ ಮೇಲೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಇಟಲಿಯಲ್ಲಿ ನಾನು ಕಂಡಿದ್ದೂ ಅದೇ ಧರೆಯ ಕತೆ. ಅದಕ್ಕೇ ಈ ಪತ್ರ. ಎಲ್ಲರಿಗೂ ಕಾಣುವ ಹಾಗೆ ಹಾಕ್ತಿದ್ದೇನೆ, ಬೇಜಾರು ಮಾಡ್ಕೋಬೇಡ. ಧರೆ ಕೆಳಗೆ ಮನೆ ಇರುವವರು ನಮ್ಮ ಕಡೆ ನೀನೊಬ್ಬನೇ ಅಲ್ಲ.

ನಾನೂ ನನ್ನ ಹೆಂಡತಿಯೂ ಹೋಗಿದ್ದು ಸೆಪ್ಟೆಂಬರ್ ಕೊನೆಗೆ. ಮಿಲಾನಿನಲ್ಲಿ ರೈಲು ಹತ್ತಿದರೆ ಸುಮಾರು ಮೂರು ಗಂಟೆಯ ದಾರಿ. ಜೆನೋವಾ ದಾಟಿದ ಮೇಲೆ ಬಲಗಡೆ ಸಮುದ್ರ ಸಿಗುತ್ತದೆ. ಆದರೆ ನೆಟ್ಟಗೆ ನೋಡಲು ಬಿಡುವುದಿಲ್ಲ. ಸುರಂಗ, ಒಂದು ತುಂಡು ನೀಲಿ, ಮತ್ತೆ ಸುರಂಗ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವಾಗ ಕಣಿವೆ ಕಂಡು ಮರೆಯಾಗುತ್ತದಲ್ಲ, ಹಾಗೆ. ಇವಳು ಮೊದಲು ಫೋಟೋ ತೆಗೆಯಲು ನೋಡಿದಳು, ಆಮೇಲೆ ಮೊಬೈಲ್ ಚೀಲಕ್ಕೆ ಹಾಕಿ ಕಿಟಕಿಗೆ ಹಣೆ ಒತ್ತಿ ಕೂತಳು.

ಆ ಜಾಗಕ್ಕೆ ಚಿಂಕ್ವೆ ತೆರ್ರೆ ಅಂತ ಹೆಸರು. ಲಿಗೂರಿಯಾ ಕರಾವಳಿಯಲ್ಲಿ ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಸಿಕ್ಕಿಕೊಂಡ ಐದು ಪುಟ್ಟ ಊರುಗಳು: ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲ್ಯಾ, ಮನರೋಲಾ, ರಿಯೊಮಜ್ಜೋರೆ. 1997ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ನಾವು ಪಕ್ಕದ ಲೆವಾಂತೊದಲ್ಲಿ ರೂಮು ಮಾಡಿದ್ದೆವು. ಅಲ್ಲಿಂದ ಮೊಂತೆರೊಸ್ಸೊಗೆ ರೈಲಿನಲ್ಲಿ ಐದೇ ನಿಮಿಷ. ಜನ ಬೆಳಿಗ್ಗೆ ಬಂದು ರೈಲು ಹತ್ತಿ ಇಳಿದು ಐದೂ ಊರು ಮುಗಿಸಿ ಸಂಜೆ ವಾಪಸ್ ಹೋಗುತ್ತಾರೆ. ನೀನು ಹೋದರೆ ದಯವಿಟ್ಟು ಹಾಗೆ ಮಾಡಬೇಡ. ಕಡೇಪಕ್ಷ ಎರಡು ಊರಿನ ನಡುವಾದರೂ ಕಾಲಲ್ಲಿ ನಡಿ. ನಡೆಯದೇ ಹೋದರೆ ಅಲ್ಲಿ ನಿಜವಾಗಿ ಏನಿದೆ ಅನ್ನೋದು ಕಾಣುವುದೇ ಇಲ್ಲ.

ನಾವು ಮೊದಲ ದಿನ ನಡೆದಿದ್ದು ಮೊಂತೆರೊಸ್ಸೊದಿಂದ ವೆರ್ನಾತ್ಸಾಗೆ. ದೂರ ಮೂರೂವರೆ ಕಿಲೋಮೀಟರೇ ಇರಬಹುದು, ಹೊತ್ತು ಮಾತ್ರ ಎರಡು ಗಂಟೆಗೂ ಜಾಸ್ತಿ ಹಿಡಿಯಿತು. ಶುರುವಿಗೇ ಕಲ್ಲಿನ ಮೆಟ್ಟಿಲು, ಮುಗಿಯುತ್ತಲೇ ಇರಲಿಲ್ಲ. ದಾರಿ ಎಷ್ಟು ಕಿರಿದು ಅಂದರೆ ಎದುರಿಂದ ಯಾರಾದರೂ ಬಂದರೆ ಒಬ್ಬರು ಗೋಡೆಗೆ ಆನಿಕೊಂಡು ನಿಲ್ಲಬೇಕು. ಹಾಗೆ ಆನಿಕೊಂಡು ನಿಂತಾಗಲೇ ನನ್ನ ಕೈಗೆ ಆ ಗೋಡೆ ತಾಗಿದ್ದು. ಸಿಮೆಂಟಿಲ್ಲ, ಗಾರೆಯಿಲ್ಲ, ಮಣ್ಣೂ ಇಲ್ಲ. ಕಲ್ಲಿನ ಮೇಲೆ ಕಲ್ಲು, ಅಷ್ಟೇ. ತಲೆ ಎತ್ತಿ ನೋಡಿದರೆ ಬೆಟ್ಟ ಪೂರ್ತಿ ಹಾಗೇ ಇದೆ. ಗೋಡೆ, ಅದರ ಮೇಲೆ ನಾಲ್ಕು ಮಾರು ಅಗಲದ ಪಟ್ಟಿ, ಮತ್ತೆ ಗೋಡೆ. ಪಟ್ಟಿಯಲ್ಲಿ ದ್ರಾಕ್ಷಿ, ಲಿಂಬೆ, ಆಲಿವ್. ಸುಮಾರು ಸಾವಿರ ವರ್ಷದಿಂದ ತಲೆಮಾರು ತಲೆಮಾರಾಗಿ ಕಟ್ಟಿಕೊಂಡು ಬಂದಿದ್ದಂತೆ. ನೇರ ಸಮುದ್ರಕ್ಕೆ ಬೀಳುವಂಥ ಇಳಿಜಾರು, ಅದನ್ನು ಕೈಯಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದಾರೆ.

ಅರ್ಧ ದಾರಿಯಲ್ಲಿ ಒಬ್ಬರು ಬಿದ್ದ ಗೋಡೆ ಕಟ್ಟುತ್ತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು. ನಾವು ನೀರು ಕುಡಿಯುವ ನೆವದಲ್ಲಿ ನಿಂತು ನೋಡಿದೆವು. ಒಂದು ಕಲ್ಲು ಎತ್ತಿಕೊಂಡರು. ಆಚೆ ತಿರುಗಿಸಿದರು, ಈಚೆ ತಿರುಗಿಸಿದರು, ಇಟ್ಟರು. ಅಂಗೈ ಒತ್ತಿ ಅಲ್ಲಾಡಿಸಿದರು. ಚೂರೇ ಚೂರು ಅಲುಗಿತು. ತೆಗೆದು ಪಕ್ಕಕ್ಕೆ ಹಾಕಿ ಇನ್ನೊಂದು ಎತ್ತಿಕೊಂಡರು. ಅದು ಕೂತಿತು. ಸಂದಿಗೆ ಒಂದು ತೆಳು ಚಕ್ಕೆ ತೂರಿಸಿ ಸುತ್ತಿಗೆಯಿಂದ ಎರಡೇ ಏಟು. ಆಮೇಲೆ ಗೋಡೆಯ ಹಿಂದೆ, ಮಣ್ಣಿಗೂ ಕಲ್ಲಿಗೂ ನಡುವೆ, ಬಕೆಟ್ಟಿನಿಂದ ಚೂರುಗಲ್ಲು ಸುರಿದರು. ಒಂದು ಕಲ್ಲು ಕೂರಿಸಲು ಐದು ನಿಮಿಷ!

ನಮಗೆ ಅವರ ಮಾತು ಬಾರದು, ಅವರಿಗೆ ನಮ್ಮದು ಬಾರದು. ನಾನು ಕೈಸನ್ನೆಯಲ್ಲಿ, ನಡುವೆ ಏನೂ ಹಾಕುವುದಿಲ್ಲವಾ ಅಂತ ಕೇಳಿದೆ. ಅವರು ತಮ್ಮ ಬಾಟಲಿ ತೆಗೆದುಕೊಂಡು ಗೋಡೆಯ ಹಿಂದಿನ ಚೂರುಗಲ್ಲಿನ ಮೇಲೆ ನೀರು ಸುರಿದರು. ನಾವು ಕಾದೆವು. ಸ್ವಲ್ಪ ಹೊತ್ತಿಗೆ ನಮ್ಮ ಬೂಟಿನ ಹತ್ತಿರ, ಕೆಳಗಿನ ಸಾಲಿನ ಸಂದಿಯಿಂದ ನೀರು ಸಣ್ಣಗೆ ಒಸರಿತು. ಅದನ್ನು ತೋರಿಸಿ "ಅಕ್ವಾ" ಅಂದರು. ಆಮೇಲೆ "ಚೆಮೆಂತೊ" ಅಂದು ತಲೆ ಅಡ್ಡಡ್ಡ ಆಡಿಸಿದರು. ಎರಡೂ ಕೈಯನ್ನು ಹೊಟ್ಟೆಯ ಮುಂದೆ ಗುಂಡಗೆ ಹಿಡಿದು, ಉಬ್ಬಿಸಿ ಉಬ್ಬಿಸಿ, ಕೊನೆಗೆ ದಡಕ್ಕನೆ ಬಿಟ್ಟುಬಿಟ್ಟರು. ಇವಳು ನನ್ನ ಮುಖ ನೋಡಿದಳು. ಇಬ್ಬರಿಗೂ ಅರ್ಥವಾಯಿತು. ನೀರಿಗೆ ಹೊರಬರಲು ದಾರಿ ಕೊಟ್ಟರೆ ಗೋಡೆ ನಿಲ್ಲುತ್ತದೆ, ಕಟ್ಟಿಹಾಕಿದರೆ ಗೋಡೆಯನ್ನೇ ತಳ್ಳಿಕೊಂಡು ಬರುತ್ತದೆ. ಈ ಒಣಕಲ್ಲು ಕಟ್ಟುವ ವಿದ್ಯೆಯನ್ನು 2018ರಲ್ಲಿ ಯುನೆಸ್ಕೋ ಇಟಲಿ ಸೇರಿದಂತೆ ಎಂಟು ದೇಶಗಳ ಹೆಸರಿನಲ್ಲಿ ಪರಂಪರೆ ಅಂತ ಗುರುತಿಸಿದೆ. ನಿಮ್ಮ ಅಜ್ಜ ಕಟ್ಟಿಸಿದ್ದೂ ಇದೇ ಅಲ್ವಾ?

ವೆರ್ನಾತ್ಸಾಗೆ ಇಳಿಯುವ ಹೊತ್ತಿಗೆ ಇವಳ ಎಡ ಮೊಣಕಾಲು ಹಿಡಿದುಕೊಂಡಿತು. ಮೆಟ್ಟಿಲು ಇಳಿಯುವುದು ಹತ್ತುವುದಕ್ಕಿಂತ ಕಷ್ಟ, ನೆನಪಿಟ್ಟುಕೋ. ಬಂದರಿನ ಪಕ್ಕ ಕೂತು ಕಾಲು ನೀವಿಕೊಳ್ಳುವಾಗ ಎದುರಿನ ಅಂಗಡಿಯಲ್ಲಿ ಒಂದು ಫೋಟೋ ಕಂಡಿತು. ಅದೇ ಬೀದಿ, ಆದರೆ ಅಂಗಡಿಗಳ ಬಾಗಿಲು ಮುಚ್ಚುವಷ್ಟು ಕೆಸರು. 2011ರ ಅಕ್ಟೋಬರ್ 25. ಕೆಲವೇ ಗಂಟೆ ಸುರಿದ ಮಳೆಗೆ ಬೆಟ್ಟ ಜರಿದು ಮಣ್ಣು, ಕಲ್ಲು, ಮರ, ಕಾರು ಎಲ್ಲ ಈ ಬೀದಿಯಲ್ಲೇ ಸಮುದ್ರಕ್ಕೆ ಇಳಿದವು. ವೆರ್ನಾತ್ಸಾದಲ್ಲಿ ಮೂವರು, ಮೊಂತೆರೊಸ್ಸೊದಲ್ಲಿ ಒಬ್ಬರು ತೀರಿಕೊಂಡರು. 2018ರ ಆಗಸ್ಟಿನಲ್ಲಿ ಕೊಡಗಿನ ಸುದ್ದಿ ನೋಡುತ್ತಾ ನೀನೂ ನಾನೂ ಫೋನಿನಲ್ಲಿ ಮಾತೇ ಇಲ್ಲದೆ ಕೂತಿದ್ದು ನೆನಪಾಯಿತು. ಅಷ್ಟು ಮಳೆ ಬಂದರೆ ಯಾವ ಗೋಡೆ ತಡೆದೀತು ಹೇಳು. ಆದರೂ ನೋಡಿಕೊಳ್ಳುವವರಿಲ್ಲದೆ ಬಿದ್ದುಹೋದ ಗೋಡೆಗಳು ಬೆಟ್ಟವನ್ನು ಇನ್ನಷ್ಟು ಸಡಿಲ ಮಾಡುತ್ತವೆ ಅನ್ನೋದು ಅಲ್ಲಿನವರಿಗೆ ಚೆನ್ನಾಗಿ ಗೊತ್ತು.

ಮಾರನೇ ದಿನ ಇವಳು, "ನೀವು ನಡೆದು ಬನ್ನಿ, ನಾನು ರೈಲಲ್ಲಿ ಬರ್ತೇನೆ" ಅಂದಳು. ವೆರ್ನಾತ್ಸಾದಿಂದ ಕೊರ್ನೀಲ್ಯಾಗೆ ರೈಲಿನಲ್ಲಿ ನಾಲ್ಕೈದು ನಿಮಿಷ, ನನಗೆ ಒಂದೂಮುಕ್ಕಾಲು ಗಂಟೆ. ಒಬ್ಬನೇ ನಡೆಯುವಾಗ ಕಣ್ಣಿಗೆ ಬಿದ್ದಿದ್ದು ಬರೀ ಪಾಳು ಪಟ್ಟಿಗಳು. ಮುಳ್ಳುಪೊದೆ ಹಬ್ಬಿದೆ, ಗೋಡೆಗಳು ಉಬ್ಬಿ ಹೊಟ್ಟೆ ಬಿಟ್ಟಿವೆ, ಕೆಲವು ಕಡೆ ಕಲ್ಲು ರಾಶಿಯಾಗಿ ಬಿದ್ದಿದೆ. ಯಾಕೆ ಹೀಗಾಯಿತು ಗೊತ್ತಾ? ಪಕ್ಕದ ಲಾ ಸ್ಪೇತ್ಸಿಯಾದಲ್ಲಿ 1869ರಲ್ಲಿ ನೌಕಾಪಡೆಯ ದೊಡ್ಡ ಹಡಗು ಕಾರ್ಖಾನೆ ಶುರುವಾಯಿತು. 1874ರಲ್ಲಿ ಜೆನೋವಾ ಕಡೆಯಿಂದ ರೈಲು ಪೂರ್ತಿಯಾಯಿತು. ತಿಂಗಳ ಸಂಬಳ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಯಾರು ತಾನೇ ಬೆನ್ನ ಮೇಲೆ ಕಲ್ಲು ಹೊರುತ್ತಾರೆ? ನಮ್ಮಿಬ್ಬರನ್ನು ಅಲ್ಲಿಗೆ ತಂದ ರೈಲೇ ಆ ಗೋಡೆ ಕಟ್ಟುವ ಕೈಗಳನ್ನು ಹೊತ್ತುಕೊಂಡು ಹೋಗಿದ್ದು. ನಾನು ಅವರನ್ನು ಬೈಯಲಾರೆ ಕಣೋ. ನಾನೂ ಹಾಗೇ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬಂದವನು.

ಇನ್ನೂ ತೋಟ ಮಾಡುವವರು ಇದ್ದಾರೆ ಅನ್ನೋದೇ ಸಮಾಧಾನ. ದ್ರಾಕ್ಷಿ ಕೊಯ್ಲಿನ ಕಾಲ. ಒಂದೇ ಹಳಿಯ ಪುಟ್ಟ ಬಂಡಿಯಲ್ಲಿ ಕ್ರೇಟುಗಳನ್ನು ಇಟ್ಟು ಇಳಿಜಾರಿನಲ್ಲಿ ಸಾಗಿಸುತ್ತಿದ್ದರು. ಅದೊಂದು ಬಂದ ಮೇಲೆ ಬೆನ್ನಿಗೆ ಎಷ್ಟೋ ಆರಾಮಂತೆ.

ಕೊರ್ನೀಲ್ಯಾ ಮಾತ್ರ ಸಮುದ್ರದ ಮಟ್ಟದಲ್ಲಿಲ್ಲ, ನೂರು ಮೀಟರ್ ಮೇಲೆ ಗುಡ್ಡದ ನೆತ್ತಿಯಲ್ಲಿದೆ. ರೈಲು ನಿಲ್ದಾಣದಿಂದ ಊರಿಗೆ 382 ಮೆಟ್ಟಿಲು. ಬಸ್ಸೂ ಇದೆ, ಇವಳು ಅದರಲ್ಲೇ ಬಂದಳು. ನಾನು ಬೆವೆತು ತಲುಪಿದಾಗ ಚೌಕದಲ್ಲಿ ನೆರಳಿಗೆ ಕೂತು ಕಾಗದದಲ್ಲಿ ಸುತ್ತಿದ ಫೋಕಾಚ ರೊಟ್ಟಿ ತಿನ್ನುತ್ತಿದ್ದಳು. ಅರ್ಧ ನನಗೆ ಅಂತ ಎತ್ತಿಟ್ಟಿದ್ದಳು. ಆಲಿವ್ ಎಣ್ಣೆ, ಉಪ್ಪು, ಇನ್ನೇನಿಲ್ಲ. ಅಷ್ಟು ರುಚಿಯಾದದ್ದು ಆ ಪ್ರವಾಸದಲ್ಲಿ ಬೇರೆ ತಿಂದಿಲ್ಲ.

ಊಟದ ಚಿಂತೆ ಬೇಡ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ ಒಲೆಯಲ್ಲಿ ಬೇಯಿಸುವ ಫರಿನಾತಾ ಸಿಗುತ್ತದೆ, ದಪ್ಪ ದೋಸೆಯ ಹಾಗೆ. ಬೇಸಿಲ್ ಎಲೆ ಅರೆದು ಮಾಡುವ ಚಟ್ನಿ, ಪೆಸ್ತೊ, ಆ ಸೀಮೆಯದೇ, ಆದರೆ ಅದಕ್ಕೆ ಹಾಕುವ ಪರ್ಮೆಸಾನ್ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ. ಅಮ್ಮನನ್ನು ಕರೆದುಕೊಂಡು ಹೋದರೆ ಮೊದಲೇ ಹೇಳಿಬಿಡು. ಚಪ್ಪಲಿ ಹಾಕಿಕೊಂಡು ಕಾಲುದಾರಿಗೆ ಇಳಿದರೆ ದಂಡ ಬೀಳುತ್ತದೆ, ಒಳ್ಳೆ ಬೂಟು ಬೇಕು. ಕಾಗದದ ರೈಲು ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸು.

ಕೊನೆಯ ದಿನ ರಿಯೊಮಜ್ಜೋರೆಯಿಂದ ಮನರೋಲಾಗೆ ಹೋಗುವ "ಪ್ರೇಮದ ದಾರಿ"ಯಲ್ಲಿ ನಡೆದೆವು. ಬಂಡೆ ಬಿದ್ದು 2012ರಲ್ಲಿ ಮುಚ್ಚಿದ್ದು, ತೆರೆದಿದ್ದು 2024ರಲ್ಲಿ. ಒಂದೇ ಕಿಲೋಮೀಟರ್, ಸಮತಟ್ಟು. ಅದಕ್ಕೆ ಬೇರೆ ಟಿಕೆಟ್, ಗೊತ್ತುಪಡಿಸಿದ ಹೊತ್ತಿಗೇ ಹೋಗಬೇಕು. ಇವಳ ಮೊಣಕಾಲಿಗೆ ಹೇಳಿ ಮಾಡಿಸಿದ ಹಾಗಿತ್ತು. ಕೈ ಹಿಡಿದುಕೊಂಡೇ ನಡೆದೆವು, ಬಹಳ ವರ್ಷದ ಮೇಲೆ.

ಈಗ ನಿನ್ನ ಧರೆ. ಎಲ್ಲ ಧರೆಗೂ ಒಣಕಲ್ಲೇ ಸಾಕು ಅಂತ ನಾನು ಹೇಳ್ತಿಲ್ಲ. ಎತ್ತರ ಜಾಸ್ತಿ ಇದ್ದರೆ ತಿಳಿದ ಎಂಜಿನಿಯರಿಗೆ ತೋರಿಸಲೇಬೇಕು. ಸಿಮೆಂಟೇ ಆಗಬೇಕು ಅಂದರೂ ಹಿಂದೆ ಜಲ್ಲಿ ತುಂಬಿಸು, ನೀರು ಹೊರಬರಲು ಗೋಡೆಯಲ್ಲಿ ಪೈಪು ಬಿಡಿಸು. ಆದರೆ ಅದಕ್ಕೂ ಮೊದಲು, ಜರಿಯದೆ ಉಳಿದ ಭಾಗದ ಕಲ್ಲು ಕೀಳಿಸಬೇಡ. ಇಷ್ಟು ಮಳೆಗಾಲ ನಿಂತ ಗೋಡೆ ಅದು. ದೀಪಾವಳಿಗೆ ನಾವಿಬ್ಬರೂ ಬರ್ತೇವೆ. ನಾಲ್ಕು ದಿನ ರಜೆ ಹಾಕಿದ್ದೇನೆ. ನಿಮ್ಮೂರಲ್ಲಿ ಕಲ್ಲು ಕಟ್ಟಲು ಬರುವ ಹಿರಿಯರು ಯಾರಾದರೂ ಇದ್ದರೆ ಈಗಲೇ ಹೇಳಿಟ್ಟಿರು. ಅವರ ಕೈಗೆ ಕಲ್ಲು ಎತ್ತಿಕೊಡಲು ನಾನಿದ್ದೇನೆ.

ಅಮ್ಮನಿಗೆ ನಮಸ್ಕಾರ ಹೇಳು.

ಇಂತಿ ನಿನ್ನ ಗೆಳೆಯ