ಮಕ್ಕಳ ದವಾಖಾನೆ ಸಿಂದಗಿ ಕಡೆ ಆಗಲಿ

ಮಾನ್ಯ ಸಂಪಾದಕರೇ,

ವಿಜಯಪುರ ಜಿಲ್ಲೆಯಲ್ಲಿ ಬಡವರಿಗಾಗಿ ಧರ್ಮಾರ್ಥ ಮಕ್ಕಳ ದವಾಖಾನೆ ಕಟ್ಟಬೇಕು ಅಂತ ಕೆಲವರು ದುಡ್ಡು ಕೂಡಿಸುತ್ತಿದ್ದಾರೆ. ಕೇಳಿ ಬಹಳ ಖುಷಿಯಾಯಿತು. ಅವರು ಇದನ್ನು ಓದಲಿ ಅಂತಲೇ ಬರೆಯುತ್ತಿದ್ದೇನೆ.

ಹೋದ ವರ್ಷ ಚಳಿಗಾಲದಲ್ಲಿ ನನ್ನ ತಂಗಿಗೆ ಆಲಮೇಲದಲ್ಲಿ ಎಂಟು ತಿಂಗಳಿಗೇ ಹೆರಿಗೆಯಾಯಿತು. ಕೂಸು ಒಂದೂವರೆ ಕಿಲೋ ಕೂಡ ಇರಲಿಲ್ಲ. ಬೆಚ್ಚಗಿಡುವ ಪೆಟ್ಟಿಗೆಯಲ್ಲಿ ಇಡಬೇಕು, ಬೇಗ ದೊಡ್ಡ ದವಾಖಾನೆಗೆ ಒಯ್ಯಿರಿ ಅಂತ ಹೆರಿಗೆ ಮಾಡಿಸಿದವರು ಅಂದರು. ರಾತ್ರಿ ಹನ್ನೊಂದಕ್ಕೆ ಕ್ರೂಸರ್ ಮಾಡಿಕೊಂಡು ಹೊರಟೆವು. ಕೂಸಿಗೆ ಕುಂಚಿಗೆ ಕಟ್ಟಿ, ಮೇಲೆ ಕೌದಿ ಸುತ್ತಿ, ತಂಗಿಯ ಅತ್ತೆ ದಾರಿ ಪೂರ್ತಿ ಅದರ ಮೂಗಿನ ಹತ್ತಿರ ಬೆರಳು ಹಿಡಿದುಕೊಂಡೇ ಕೂತಿದ್ದರು. ವಿಜಯಪುರಕ್ಕೆ ಹೋದರೆ ಮೊದಲು ಹೋದ ಕಡೆ ಬೆಡ್ ಖಾಲಿ ಇಲ್ಲ. ಅಲ್ಲಿಂದ ಸೊಲ್ಲಾಪುರ, ಮತ್ತೆ ನೂರು ಕಿಲೋಮೀಟರ್. ಕೂಸಿನ ಕಾಲು ತಣ್ಣಗಾಗಿದ್ದವು. ಅಲ್ಲಿಯ ಡಾಕ್ಟರ್ ಹೇಳಿದ ಮೇಲೆ ಗೊತ್ತಾಯಿತು, ಇಷ್ಟು ಸಣ್ಣ ಕೂಸನ್ನು ಬಟ್ಟೆ ಬಿಚ್ಚಿ ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಒರಗಿಸಿಕೊಂಡು, ಮೇಲೆ ಹೊದಿಸಿ ತರಬೇಕಿತ್ತಂತೆ. ಕೌದಿಗಿಂತ ಅದೇ ಜಾಸ್ತಿ ಬೆಚ್ಚಗೆ. ಹೊರಡುವಾಗ ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತಲ್ವಾ? ದೇವರ ದಯೆ, ಕೂಸು ಉಳಿಯಿತು.

ಅದಕ್ಕೇ ಹೇಳುವುದು, ದವಾಖಾನೆ ಮತ್ತೆ ವಿಜಯಪುರ ಪಟ್ಟಣದಲ್ಲೇ ಬೇಡ. ಅಲ್ಲಿ ಜಿಲ್ಲಾಸ್ಪತ್ರೆ ಇದೆ, ಮೆಡಿಕಲ್ ಕಾಲೇಜುಗಳಿವೆ. ಸಿಂದಗಿ, ಇಂಡಿ, ಆಲಮೇಲ, ಚಡಚಣ, ಹೀಗೆ ಭೀಮಾ ನದಿ ಕಡೆಯವರು ಕೂಸು ಎತ್ತಿಕೊಂಡು ಸೊಲ್ಲಾಪುರಕ್ಕೋ ಕಲಬುರಗಿಗೋ ಓಡುತ್ತಾರೆ. ಈ ಕಡೆ ಕಟ್ಟಿ.

ಇನ್ನೊಂದು ಮಾತು. ಕಟ್ಟಡಕ್ಕೆ ದುಡ್ಡು ಬರುತ್ತದೆ, ಗೋಡೆಗೆ ಹೆಸರಿನ ಕಲ್ಲು ಹಾಕಿಸುತ್ತೇವೆ ಅಂದರೆ ಬೇಗನೇ ಬರುತ್ತದೆ. ಆದರೆ ರಾತ್ರಿ ಎರಡಕ್ಕೆ ಎದ್ದು ಕೂಸಿನ ಉಸಿರು ನೋಡುವ ಸಿಸ್ಟರ್ ಪಗಾರಕ್ಕೆ ಯಾರು ಕೊಡುತ್ತಾರೆ? ಇಂಥ ಸಣ್ಣ ಕೂಸುಗಳ ವಾರ್ಡಿನಲ್ಲಿ ಮೂರು ನಾಲ್ಕು ಕೂಸಿಗೆ ಒಬ್ಬ ಸಿಸ್ಟರ್ ಬೇಕು, ಅದೂ ಮೂರೂ ಪಾಳಿಗೆ. 12 ಬೆಡ್ ಅಂದರೆ ಲೆಕ್ಕ ಹಾಕಿ ನೋಡಿ, ರಜೆಯವರನ್ನೂ ಸೇರಿಸಿದರೆ ಹನ್ನೆರಡು ಜನಕ್ಕಿಂತ ಜಾಸ್ತಿಯೇ ಆಗುತ್ತಾರೆ. ಜೊತೆಗೆ ಆಕ್ಸಿಜನ್, ಕರೆಂಟ್ ಹೋದರೆ ಜನರೇಟರ್‌ಗೆ ಡೀಸೆಲ್. ನನ್ನನ್ನು ಕೇಳಿದರೆ, ಐದು ವರ್ಷ ನಡೆಸುವಷ್ಟು ದುಡ್ಡು ಬ್ಯಾಂಕಿನಲ್ಲಿ ಇಟ್ಟ ಮೇಲೆಯೇ ಬುನಾದಿ ತೋಡಬೇಕು. ಮೂರು ಮಹಡಿ ಬೇಡ, ಒಂದೇ ಸಾಕು.

ತಾಯಂದಿರಿಗೆ ಮಲಗಲು ಜಾಗ ಮಾಡುವುದನ್ನು ಮಾತ್ರ ಮರೆಯಬೇಡಿ. ನನ್ನ ತಂಗಿ ಹಸಿ ಬಾಣಂತಿ, ಹತ್ತೊಂಬತ್ತು ದಿನ ಮೆಟ್ಟಿಲ ಕೆಳಗೆ ಚಾಪೆ ಹಾಕಿ ಮಲಗಿದಳು. ಎರಡೆರಡು ತಾಸಿಗೆ ಎದ್ದು, ಎದೆಹಾಲು ಬಟ್ಟಲಿಗೆ ಹಿಂಡಿ ಒಳಗೆ ಕೊಟ್ಟು ಬರುತ್ತಿದ್ದಳು. ಸಿಸ್ಟರ್ ಅದನ್ನು ಒಳಲೆಯಲ್ಲಿ ಹನಿ ಹನಿಯಾಗಿ ಕುಡಿಸುತ್ತಿದ್ದರು. ಆ ಕೂಸಿಗೆ ಅದಕ್ಕಿಂತ ದೊಡ್ಡ ಔಷಧ ಇರಲಿಲ್ಲ. ತಾಯಿಗೆ ನಿದ್ದೆ, ಊಟ ಇಲ್ಲದಿದ್ದರೆ ಹಾಲು ಎಲ್ಲಿಂದ ಬರಬೇಕು?

ನಮ್ಮ ಜನಕ್ಕೆ ಕೊಡುವುದು ಗೊತ್ತಿದೆ. ಫ.ಗು. ಹಳಕಟ್ಟಿಯವರು 1910ರಲ್ಲಿ ಬಿಎಲ್‌ಡಿಇ ಶಿಕ್ಷಣ ಸಂಸ್ಥೆ ಶುರು ಮಾಡಿದ್ದು ಇದೇ ಜಿಲ್ಲೆಯಲ್ಲಿ, ಇವತ್ತು ಅದು ಮೆಡಿಕಲ್ ಕಾಲೇಜು ನಡೆಸುತ್ತಿದೆ. ಜಾತ್ರೆಯ ದಾಸೋಹಕ್ಕೆ ಮನೆ ಮನೆಯಿಂದ ರೊಟ್ಟಿ ಗಂಟು ಬರುವುದನ್ನು ಎಲ್ಲರೂ ನೋಡಿದ್ದೇವೆ. ಹಾಗೆಯೇ ಊರಿಗೊಂದು ದಿನ ಅಂತ ಹಂಚಿಕೊಂಡರೆ ಬಾಣಂತಿಯರ ಊಟದ ಖರ್ಚು ದವಾಖಾನೆ ಮೇಲೆ ಬೀಳುವುದಿಲ್ಲ. ನಮ್ಮ ಓಣಿಯ ಹೆಂಗಸರನ್ನು ಕೇಳಿದ್ದೇನೆ, ಸೋಮವಾರದ ರೊಟ್ಟಿ, ಪಲ್ಯ ನಮ್ಮದು ಅಂದಿದ್ದಾರೆ.

ಇಂತಿ,
ನಿಮ್ಮ ಓದುಗಳು, ಸಿಂದಗಿ